ನನ್ನ ಕಾರಿಗೆ ಇಂಟರ್‌ಕೂಲರ್ ಹಾಕಿಸಿದ್ದು

ಬೇರೆಯವರ ಮನೆಯ ಕಾರುಗಳು ಕೆಡುತ್ತವೆ, ರಿಪೇರಿಯಾಗುತ್ತವೆ, ಮತ್ತೆ ಓಡುತ್ತವೆ. ಅದರಲ್ಲಿ ಹೇಳಿಕೊಳ್ಳುವಂಥದ್ದೇನೂ ಇರುವುದಿಲ್ಲ. ನಮ್ಮ ಮನೆಯಲ್ಲಿ ಮಾತ್ರ ಒಂದು ವೈಪರ್ ಬದಲಾಯಿಸಿದರೂ ನಾಲ್ಕು ಜನ ನಗುವಂಥದ್ದು ಏನಾದರೂ ಆಗಿಯೇ ತೀರುತ್ತದೆ. ಹೀಗಿರುವಾಗ ಹೋದ ಬೇಸಿಗೆಯಲ್ಲಿ ಇಂಟರ್‌ಕೂಲರನ್ನೇ ಬದಲಾಯಿಸಿದೆವು. ಸುಮ್ಮನೆ ಮುಗಿಯುತ್ತದೆಯೇ?

ಕಾರು ನನ್ನದು. ಬೂದು ಬಣ್ಣದ ಸಣ್ಣ ಹ್ಯಾಚ್‌ಬ್ಯಾಕ್. ನೋಡಲು ಸಾಧು, ಒಳಗೆ ಟರ್ಬೊ ಇದೆ. ನಾವು ಗಂಡ ಹೆಂಡತಿ ಇರುವುದು ಮಿಷಿಗನ್ನಿನ ಪ್ಲಿಮತ್‌ನಲ್ಲಿ, ಮಗಳು ಇರುವುದು ಶಿಕಾಗೋ ಪಕ್ಕದ ಇಟಾಸ್ಕಾದಲ್ಲಿ. ಐದು ತಾಸಿನ ದಾರಿ. ನಮ್ಮ ಮನೆಯವರು ಕಣ್ಣಿನ ಆಪರೇಷನ್ ಆದಮೇಲೆ ಹೈವೇಗೆ ಇಳಿಯುವುದನ್ನು ಬಿಟ್ಟಿದ್ದಾರೆ. ಆದ್ದರಿಂದ ಮಗಳ ಮನೆಗೆ ಹೋಗುವಾಗ ಓಡಿಸುವವಳು ನಾನೇ. ಅರಸೀಕೆರೆಯಲ್ಲಿದ್ದಷ್ಟು ದಿನ ಸೈಕಲ್ ಕೂಡ ಮುಟ್ಟದವಳು ನಾನು. ಈ ದೇಶಕ್ಕೆ ಬಂದ ಮೇಲೆ ಕಲಿತದ್ದರಲ್ಲಿ ನನಗೆ ತುಂಬ ಇಷ್ಟವಾದದ್ದು ಕಾರು ಓಡಿಸುವುದೇ. ಆ ಕಾರನ್ನೇ ಮಾರಬೇಕು ಅಂತ ನನ್ನ ಮಗ ಹಟ ಹಿಡಿದದ್ದರಿಂದ ಇದೆಲ್ಲ ಶುರುವಾಯಿತು.

ಕೋಡ್ ಇಲ್ಲದ ಕಾಯಿಲೆ

ಜುಲೈ ತಿಂಗಳು, ತೊಂಬತ್ತೈದು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು. ಇಟಾಸ್ಕಾಗೆ ಹೊರಟಿದ್ದೆವು. ಇಂಡಿಯಾನಾದಲ್ಲಿ ರಸ್ತೆ ಕೆಲಸ ನಡೆಯುತ್ತಿತ್ತು. ಲಾರಿಗಳ ನಡುವೆ ಸಿಕ್ಕಿಕೊಂಡು ತೆವಳಿ ತೆವಳಿ ಸಾಕಾಗಿ ಒಂದು ಎಕ್ಸಿಟ್‌ನಲ್ಲಿ ಇಳಿದು ಪೆಟ್ರೋಲ್ ಹಾಕಿಸಿಕೊಂಡೆ. ವಾಪಸು ಹೈವೇಗೆ ಸೇರಲು ರ‍್ಯಾಂಪ್ ಮೇಲೆ ಬಂದು ಆಕ್ಸಲರೇಟರ್ ಒತ್ತಿದರೆ, ಕಾರು ಮದುವೆ ಊಟ ಮುಗಿಸಿ ಎದ್ದವರ ಹಾಗೆ ಹೊರಟಿತು. ನೆಲಕ್ಕೆ ಹತ್ತುವಷ್ಟು ಒತ್ತಿದರೂ ಅದೇ ನಡಿಗೆ. ಹಿಂದಿನಿಂದ ಲಾರಿಯವನು ಹಾರ್ನ್ ಹೊಡೆದ. ನಮ್ಮ ಮನೆಯವರು ಕಣ್ಣು ಮುಚ್ಚಿಕೊಂಡು ಹನುಮಂತನನ್ನು ನೆನೆಯತೊಡಗಿದರು.

ಏನೂ ಆಗಲಿಲ್ಲ, ಊರು ಸೇರಿದೆವು. ನಾನು ಯಾರಿಗೂ ಹೇಳುವವಳಲ್ಲ. ಇವರು ಮಗಳ ಮನೆಯ ಸೋಫಾದಲ್ಲಿ ಕೂತ ತಕ್ಷಣ ಮಗನಿಗೆ ಫೋನ್ ಮಾಡಿದರು. "ಕನ್ನಡಿ ತುಂಬ ಬರೀ ಲಾರಿ ಕಣೋ. ಆಕಾಶನೇ ಕಾಣ್ತಿರ್ಲಿಲ್ಲ."

ಮಗ ನಮ್ಮಿಂದ ಮುಕ್ಕಾಲು ಗಂಟೆ ದೂರದ ಸ್ಟರ್ಲಿಂಗ್ ಹೈಟ್ಸ್‌ನಲ್ಲಿದ್ದಾನೆ. ಒಂದು ಕಾರು ಕಂಪನಿಯ ವಾರಂಟಿ ವಿಭಾಗದಲ್ಲಿ ಕೆಲಸ. ಕಾರು ಕೆಟ್ಟಿದೆ ಎನ್ನುವವರಿಗೆ ಕೆಟ್ಟಿಲ್ಲ ಎಂದು ಹೇಳುವುದೇ ಅವನ ಉದ್ಯೋಗ. ನಾವು ಹಿಂದಿರುಗಿದ ಮೇಲೆ ಅವನೇ ಬಂದು ಕಾರನ್ನು ಸರ್ವಿಸ್‌ಗೆ ಕರೆದುಕೊಂಡು ಹೋದ. ಕಂಪ್ಯೂಟರ್ ಸಿಕ್ಕಿಸಿ ನೋಡಿದರು. ಕಾರು ಕೆಟ್ಟಿದ್ದರೆ ಅದರಲ್ಲಿ ಒಂದು ಕೋಡ್ ಬರುತ್ತದಂತೆ.

"ಒಂದೇ ಒಂದು ಕೋಡ್ ಬಂದಿಲ್ಲಮ್ಮ," ಅಂದ ಮಗ. "ಕೋಡ್ ಇಲ್ಲ ಅಂದ್ರೆ ಕಾರಲ್ಲಿ ಪ್ರಾಬ್ಲಂ ಇಲ್ಲ."

"ಹಾಗಾದ್ರೆ ಯಾರಲ್ಲಿದೆ?"

ಅವನು ನನ್ನ ಮುಖ ನೋಡಲಿಲ್ಲ. "ನಿಂಗೆ ಎಪ್ಪತ್ತೆರಡು ಆಯ್ತು. ಹೈವೇ ಎಲ್ಲ ಸಾಕು. ಕಾರು ಮಾರ್ಬಿಡೋಣ. ಎಲ್ಲಿಗೆ ಹೋಗ್ಬೇಕೋ ಹೇಳು, ನಾನು ಬಿಟ್ಟು ಬರ್ತೀನಿ."

ಇವನು ಕಳೆದ ಯುಗಾದಿಗೆ ಬರುತ್ತೇನೆ ಎಂದವನು ರಾಮನವಮಿ ಮುಗಿದ ಮೇಲೆ ಬಂದಿದ್ದ.

"ನಂಗೆ ಮಂಡಿನೋವಿದೆ," ಅಂದೆ. "ಡಾಕ್ಟರು ಎಕ್ಸ್‌ರೇ ತೆಗೆದು ಏನೂ ಇಲ್ಲ ಅಂದ್ರು. ಹಾಗಂತ ನನ್ನೂ ಮಾರ್ಬಿಡ್ತೀಯಾ?"

ಲೋಟ ಮತ್ತು ಬಟ್ಟಲು

ನನ್ನ ಪಕ್ಷಕ್ಕೆ ಬಂದವಳು ಮೊಮ್ಮಗಳು, ಇಟಾಸ್ಕಾ ಮಗಳ ಮಗಳು. ಓದು ಮುಗಿಸಿ ಸ್ಟರ್ಲಿಂಗ್ ಹೈಟ್ಸ್ ಕಡೆಯೇ ಎಂಜಿನ್ ಪರೀಕ್ಷೆ ಮಾಡುವ ಕೆಲಸಕ್ಕೆ ಸೇರಿದ್ದಾಳೆ. ಶನಿವಾರ ಭಾನುವಾರ ನಮ್ಮ ಮನೆಗೆ ಬರುತ್ತಾಳೆ, ಊಟಕ್ಕೆ. ರ‍್ಯಾಂಪಿನ ಕಥೆ ಕೇಳಿದವಳೇ ತಟ್ಟೆ ಬಿಟ್ಟು ಎದ್ದು ಹೋಗಿ ಕಾರಿನ ಮುಂದೆ ಮಂಡಿಯೂರಿ ಟಾರ್ಚ್ ಬಿಟ್ಟು ನೋಡಿ ಬಂದಳು.

"ಅಜ್ಜಿ, ಇಟ್ಸ್ ನಾಟ್ ಯೂ. ಇಂಟರ್‌ಕೂಲರ್ ಟೂ ಸ್ಮಾಲ್."

ಅವಳು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಹೀಗೆ ಅರ್ಥಮಾಡಿಕೊಂಡೆ. ಟರ್ಬೊ ಗಾಳಿಯನ್ನು ಅದುಮಿ ಎಂಜಿನ್ನಿಗೆ ತುಂಬುತ್ತದೆ. ಅದುಮಿದ ಗಾಳಿ ಬಿಸಿಯಾಗುತ್ತದೆ. ಬಿಸಿ ಗಾಳಿ ಹಾಗೆಯೇ ಒಳಗೆ ಹೋದರೆ ಎಂಜಿನ್ನಿಗೆ ಅಪಾಯ, ಆದ್ದರಿಂದ ದಾರಿಯಲ್ಲಿ ಅದನ್ನು ಆರಿಸಿ ಕಳಿಸಬೇಕು. ಆರಿಸುವ ಆ ಪೆಟ್ಟಿಗೆಯೇ ಇಂಟರ್‌ಕೂಲರ್. ನನ್ನ ಕಾರಿನದು ಚಿಕ್ಕದು. ಬಿಸಿಲಲ್ಲಿ ನಿಂತು ನಿಂತು ಅದೇ ಕಾದುಹೋದರೆ ಇನ್ನೇನು ಆರಿಸೀತು? ಆಗ ಕಾರಿನ ಕಂಪ್ಯೂಟರ್ ಹೆದರಿ ಶಕ್ತಿಯನ್ನೇ ಕಡಿಮೆ ಮಾಡಿಬಿಡುತ್ತದೆ.

"ಕಾಫಿ ಆರಿಸಿದ ಹಾಗೆ," ಅಂದೆ. "ಸ್ಟವ್ ಮೇಲಿಂದ ಇಳಿಸಿದ್ದನ್ನ ಹಾಗೇ ಗಂಟಲಿಗೆ ಸುರೀತೀವಾ? ಲೋಟದಿಂದ ಬಟ್ಟಲಿಗೆ, ಬಟ್ಟಲಿಂದ ಲೋಟಕ್ಕೆ ಎತ್ತಿ ಹೊಯ್ದು ಆಮೇಲೆ ಕುಡೀತೀವಿ. ನನ್ನ ಕಾರಿಗೆ ಬಟ್ಟಲು ಚಿಕ್ಕದು."

"ಎಕ್ಸಾಕ್ಟ್ಲಿ, ಅಜ್ಜಿ. ದೊಡ್ಡ ಬಟ್ಟಲು ಹಾಕಣ. ಬೇರೆ ಏನೂ ಮುಟ್ಟಲ್ಲ. ಎಲ್ಲ ಸ್ಟಾಕ್, ಕಂಪನಿ ಕೊಟ್ಟ ಹಾಗೇ."

ಇವರು ಪೇಪರ್ ಕೆಳಗಿಟ್ಟರು. "ಎಷ್ಟು ಹಾರ್ಸ್‌ಪವರ್ ಜಾಸ್ತಿ ಆಗತ್ತೆ?"

"ಜಾಸ್ತಿ ಏನಿಲ್ಲ ತಾತ. ಇರೋದು ಹೋಗಲ್ಲ, ಅಷ್ಟೆ."

ಇವರು ತಲೆಯಾಡಿಸಿ, "ನನ್ನ ಬಿಪಿ ಮಾತ್ರೆಗೂ ಡಾಕ್ಟರು ಇದೇ ಮಾತು ಹೇಳಿದ್ರು," ಅಂದರು.

ಮಗನಿಗೆ ಫೋನ್ ಹೋಯಿತು. ಅವನು ವಾರಂಟಿಯ ಮನುಷ್ಯ. ಕಂಪನಿ ಕೊಟ್ಟದ್ದನ್ನು ಬಿಚ್ಚುವುದೆಂದರೆ ಅವನಿಗೆ ಜನಿವಾರ ಕಿತ್ತ ಹಾಗೆ. ಮೊಮ್ಮಗಳಿಗೂ ಅವಳ ಸೋದರಮಾವನಿಗೂ ಅರ್ಧ ಗಂಟೆ ಇಂಗ್ಲಿಷಿನಲ್ಲಿ ಜಗಳವಾಗಿ ಕೊನೆಗೆ ಒಂದು ಒಪ್ಪಂದವಾಯಿತು. ಇಂಟರ್‌ಕೂಲರ್ ಹಾಕಿಕೊಳ್ಳಬಹುದು. ಆಗಸ್ಟಿನ ಬಿಸಿಲಲ್ಲಿ ನಾನು ಇಟಾಸ್ಕಾವರೆಗೆ ಓಡಿಸಬೇಕು, ಅವನು ಪಕ್ಕದಲ್ಲಿ ಕೂರುತ್ತಾನೆ. ದಾರಿಯಲ್ಲಿ ಒಂದೇ ಒಂದು ಸಲ ಅವನಿಗೆ ಭಯವಾದರೂ ಕಾರು ಮಾರಾಟ.

"ಅವನು ಎಸ್ಕಲೇಟರಿಗೂ ಹೆದರ್ತಿದ್ದ," ಅಂತ ಇವರು ನೆನಪಿಸಿದರು. "ಕಾರು ಹೋಯ್ತು ಅಂತ ತಿಳ್ಕೊ."

ಸಾಂಬಾರ ಡಬ್ಬಿ

ಇಂಟರ್‌ಕೂಲರ್ ಬಂದಿತು. ಬೆಳ್ಳಿಯ ಹಾಗೆ ಹೊಳೆಯುವ ಉದ್ದನೆಯ ಪೆಟ್ಟಿಗೆ, ಮೈತುಂಬ ತೆಳ್ಳನೆ ರೆಕ್ಕೆಗಳು. ಶನಿವಾರ ಬೆಳಗ್ಗೆ ಮೊಮ್ಮಗಳು ಗರಾಜಿನಲ್ಲಿ ಕಾರಿನ ಮುಂದಿನ ಬಂಪರ್ ಬಿಚ್ಚಲು ಕೂತಳು. ಬಿಚ್ಚಿದ ಬೋಲ್ಟುಗಳನ್ನು ಬೇರೆ ಬೇರೆ ಇಡಲು ಬಟ್ಟಲುಗಳಿವೆಯೇ ಎಂದು ಕೇಳಿದಳು. ನಾನು ಒಗ್ಗರಣೆಯ ಹಳೆಯ ಸಾಂಬಾರ ಡಬ್ಬಿ ತಂದುಕೊಟ್ಟೆ. ಒಂದೇ ಡಬ್ಬಿಯೊಳಗೆ ಏಳು ಬಟ್ಟಲು. ಅವಳಿಗೆ ತುಂಬ ಹಿಡಿಸಿತು.

ತೊಂದರೆ ಏನೆಂದರೆ, ನಾನು ಬೋಲ್ಟುಗಳ ನಂಬರು ಅರಿಯೆ. ಯಾವ ಬಟ್ಟಲಲ್ಲಿ ಯಾವ ಸಾಮಾನು ಇರುತ್ತಿತ್ತೆಂದು ಮಾತ್ರ ಬಲ್ಲೆ. ಅವಳೂ ಅಷ್ಟೆ, ಚಿಕ್ಕಂದಿನಿಂದ ನನ್ನ ಪಕ್ಕ ಕಟ್ಟೆಯ ಮೇಲೆ ಕೂತು ಆ ಡಬ್ಬಿ ನೋಡಿದವಳು. ಹತ್ತು ನಿಮಿಷದಲ್ಲಿ ನಮ್ಮಿಬ್ಬರಿಗೂ ಒಂದು ಭಾಷೆ ತಯಾರಾಯಿತು. ಉದ್ದ ಬೋಲ್ಟೆಲ್ಲ ಜೀರಿಗೆ. ಗಿಡ್ಡದ್ದು ಮೆಂತ್ಯ. ಪ್ಲಾಸ್ಟಿಕ್ಕಿನ ಕರಿ ಕ್ಲಿಪ್ಪುಗಳು ಸಾಸಿವೆ.

ಮಧ್ಯೆ ನನ್ನ ಗೆಳತಿಯ ಫೋನ್ ಬಂತು. ಹುಬ್ಬಳ್ಳಿಯವರು, ಪಕ್ಕದ ಬಡಾವಣೆಯಲ್ಲಿದ್ದಾರೆ, ಇಲ್ಲಿ ಅದಕ್ಕೆ ಸಬ್‌ಡಿವಿಷನ್ ಅನ್ನುತ್ತಾರೆ. ಕೈಯೆಲ್ಲ ಎಣ್ಣೆಯಾಗಿದ್ದರಿಂದ ಸ್ಪೀಕರಿಗೆ ಹಾಕಿ ಬೆಂಚಿನ ಮೇಲಿಟ್ಟೆ. ಅವರು ಮಾತು ತೆಗೆಯುವ ಮೊದಲೇ ಕಾರಿನ ಕೆಳಗಿಂದ ಮೊಮ್ಮಗಳ ದನಿ.

"ಅಜ್ಜಿ, ಒಂದು ಜೀರಿಗೆ ತುಕ್ಕು ಹಿಡಿದಿದೆ."

"ಸುತ್ತಿಗೆ ಕೊಡ್ಲಾ?"

"ಬೇಡ. ಮೆಂತ್ಯ ಎಲ್ಲ ಬಂತು. ಸಾಸಿವೆ ಎರಡು ಮುರೀತು. ತಾತ, ನಿಮ್ಮ ಕಾಲ ಹತ್ರ ಸಾಸಿವೆ ಬಿದ್ದಿದೆ, ತುಳೀಬೇಡಿ."

ಫೋನಿನಲ್ಲಿ ಗೆಳತಿ ಮೆಲ್ಲಗೆ ಕೇಳಿದರು. "ಏನ್ ಅಡಗಿ ಮಾಡಾಕತ್ತೀರ್ರೀ?"

"ಇಂಟರ್‌ಕೂಲರ್," ಅಂದೆ.

"ಹೌದೇನ್ರೀ? ಹೊಸಾದು ಅನಸ್ತದ. ಮೊದಲ ನೀವು ಉಂಡು ನೋಡ್ರಿ, ಆಮ್ಯಾಲ ನಮಗ ಕಳಸ್ರಿ."

ತೋಳು ಕಾಣೆಯಾದದ್ದು

ಇಂಟರ್‌ಕೂಲರ್ ಕೂತಿತು, ಬಂಪರ್ ಏರಿತು. ಸಬ್‌ಡಿವಿಷನ್ ಒಳಗೇ ಒಂದು ಸುತ್ತು ಹಾಕಿ ಬಂದೆವು. ಆಕ್ಸಲರೇಟರ್ ಒತ್ತಿದಾಗೆಲ್ಲ ಮುಂದುಗಡೆಯಿಂದ ಸ್ಸ್ ಎಂದು ಸದ್ದು.

"ಗ್ಯಾಸ್ಕೆಟ್," ಅಂದೆ ನಾನು. ಐವತ್ತು ವರ್ಷ ಕುಕ್ಕರ್ ಇಟ್ಟವಳು, ಆ ಸದ್ದು ನನಗೆ ತಿಳಿಯದೇ?

ಮೊಮ್ಮಗಳು ಮತ್ತೆ ಬಂಪರ್ ಬಿಚ್ಚಿದಳು. ಪೈಪಿಗೂ ಇಂಟರ್‌ಕೂಲರಿಗೂ ನಡುವೆ ಒಂದು ನೀಲಿ ಸಿಲಿಕೋನ್ ತೋಳು ಇರುತ್ತದೆ, ಗಾಳಿ ಆಚೆ ಹೋಗದಂತೆ ಎರಡನ್ನೂ ಸೇರಿಸುವುದು ಅದೇ. ಅದನ್ನು ಕಳಚಿ ಬೆಂಚಿನ ಮೇಲಿಟ್ಟು, ಬಿಗಿ ಮಾಡುವ ಪಟ್ಟಿ ಬೇರೆ ಬೇಕೆಂದು ಅಂಗಡಿಗೆ ಹೋದಳು. ನನಗೂ ಗೆಳತಿಯ ಮನೆಯಲ್ಲಿ ಲಲಿತಾ ಸಹಸ್ರನಾಮವಿತ್ತು. ಹೋಗುವ ಮುಂಚೆ ನನ್ನ ಕೈಲಾದ ಒಂದು ಸಣ್ಣ ಸಹಾಯ ಮಾಡಿ ಹೊರಟೆ.

ಪ್ರಸಾದ ಹಿಡಿದು ವಾಪಸು ಬಂದರೆ ಗರಾಜ್ ಕಳ್ಳರು ನುಗ್ಗಿದ ಮನೆಯಂತಿತ್ತು. ಡಬ್ಬಿಗಳೆಲ್ಲ ಬೋರಲು. ಮೊಮ್ಮಗಳು ಕಾರಿನ ಅಡಿಯಲ್ಲಿ ಮಲಗಿ ಟಾರ್ಚ್ ಬಿಡುತ್ತಿದ್ದಳು. ಇವರು ಪಕ್ಕದ ಮನೆಯ ನಾಯಿಯ ಬಾಯಿ ಬಿಡಿಸಿ ನೋಡಿ ಆಗಿತ್ತು. ಮಗ ಫೋನಿನಲ್ಲಿ, "ಒಂದು ಪಾರ್ಟ್ ಆಗಲೇ ಕಳೆದುಹೋಯ್ತಾ? ವೆರಿ ಗುಡ್. ನಾನು ಕಾರಿನ ಫೋಟೊ ಹಾಕಿ ಮಾರಾಟಕ್ಕೆ ಇಡ್ಲಾ?" ಅನ್ನುತ್ತಿದ್ದ.

"ಏನು ಹುಡುಕ್ತಿದೀರಿ?" ಅಂದೆ.

"ದಿ ಬ್ಲೂ ಕಪ್ಲರ್, ಅಜ್ಜಿ."

"ಅದಾ?" ಒಳಗೆ ಹೋಗಿ ಫ್ರೀಜರ್ ತೆಗೆದು, ಅವರೆಕಾಳಿನ ಕವರಿಗೂ ತೆಂಗಿನತುರಿಯ ಡಬ್ಬಕ್ಕೂ ನಡುವೆ ಇಟ್ಟಿದ್ದ ನೀಲಿ ತೋಳನ್ನು ತಂದು ಅವಳ ಕೈಗಿಟ್ಟೆ. ಮೇಲೆಲ್ಲ ಬಿಳೀ ಮಂಜು ಕೂತಿತ್ತು.

ಅವಳು ಅದನ್ನು ನೋಡಿದಳು. ನನ್ನನ್ನು ನೋಡಿದಳು. "ಅಜ್ಜಿ. ವೈ?"

"ಬಿಗಿಯಾಗಲಿ ಅಂತ. ಕುಕ್ಕರ್ ಗ್ಯಾಸ್ಕೆಟ್ ಸಡಿಲ ಆದಾಗ ಇಡ್ತೀವಲ್ಲ."

"ಆಗತ್ತಮ್ಮ," ಅಂತ ಇವರು ನನ್ನ ಪರ ನಿಂತರು. "ನಮ್ಮನೇಲಿ ಹೊಸ ಗ್ಯಾಸ್ಕೆಟ್ ತಂದೇ ಇಲ್ಲ."

ತೋಳು ಮೆತ್ತಗಾಗಲಿ ಎಂದು ಎಲ್ಲರೂ ಪ್ರಸಾದ ತಿನ್ನುತ್ತ ಕಾದೆವು. ಆಮೇಲೆ ಅವಳು ಹೊಸ ಪಟ್ಟಿ ಬಿಗಿದಳು, ಸದ್ದು ನಿಂತಿತು. ಸೋರುತ್ತಿದ್ದದ್ದು ಪಟ್ಟಿ ಸಡಿಲವಾಗಿದ್ದಕ್ಕಂತೆ, ತೋಳು ಚೆನ್ನಾಗಿಯೇ ಇತ್ತಂತೆ.

ಸೋಮವಾರ ಆಫೀಸಿನಲ್ಲಿ ಈ ಕಥೆ ಹೇಳಿದಳಂತೆ. ಎಂಜಿನಿಯರುಗಳೆಲ್ಲ ಹೊಟ್ಟೆ ಹಿಡಿದು ನಕ್ಕರಂತೆ. ಮಧ್ಯಾಹ್ನ ಅವರಲ್ಲೊಬ್ಬ ಅವಳನ್ನು ಪಕ್ಕಕ್ಕೆ ಕರೆದು, "ನಿಮ್ಮ ಅಜ್ಜಿ ಫ್ರೀಜರಿನಲ್ಲಿ ಎಷ್ಟು ಹೊತ್ತು ಇಡುತ್ತಾರೆ?" ಎಂದು ಕೇಳಿದನಂತೆ.

ಮೂಗಿನ ಶೃಂಗಾರ

ಪರೀಕ್ಷೆಯ ಹಿಂದಿನ ದಿನ ಇವರು, ಹೊಸ ಸಾಮಾನು ಕೂಡಿಸಿದ ಮೇಲೆ ಪೂಜೆಯಿಲ್ಲದೆ ಹೈವೇಗೆ ಹೋಗಬಾರದು ಎಂದರು. ಮಗ ಪಕ್ಕದಲ್ಲಿ ಕೂರುವವನಿದ್ದಾನೆ, ದೇವರ ಸಹಾಯ ಬೇಕೇಬೇಕು ಅಂತ ನನಗೂ ಅನ್ನಿಸಿತು. ಹುಬ್ಬಳ್ಳಿ ಗೆಳತಿ ಹೂವಿನ ಹಾರ ಹಿಡಿದು ಬಂದರು. ನಾನು ನಿಂಬೆಹಣ್ಣು ತರಲು ಒಳಗೆ ಹೋದೆ.

ಹೊರಗೆ ಬಂದು ನೋಡಿದರೆ ಗೆಳತಿ ಅಲಂಕಾರ ಮುಗಿಸಿದ್ದರು. ಸಾಮಾನ್ಯವಾಗಿ ನಾವು ಬಾನೆಟ್ಟಿಗೆ ಅರಿಶಿನ ಕುಂಕುಮ ಹಚ್ಚುತ್ತೇವೆ. ಆದರೆ ಈಗ ಬಂಪರಿನ ಬಾಯೊಳಗೆ ಬೆಳ್ಳಿಯಂಥ ಇಂಟರ್‌ಕೂಲರ್ ಹೊಳೆಯುತ್ತಿರುವಾಗ ಬಾನೆಟ್ಟನ್ನು ಯಾರು ಕೇಳುತ್ತಾರೆ? ಅರಿಶಿನ ಕಲಸಿ ಆ ರೆಕ್ಕೆಗಳ ಮೇಲೆ ಈ ತುದಿಯಿಂದ ಆ ತುದಿಗೆ ದಪ್ಪಗೆ ಬಳಿದಿದ್ದರು. ಹೊಸಿಲಿಗೆ ಬಳಿದ ಹಾಗೆ. ಅದರ ಮೇಲೆ ಕುಂಕುಮದ ಬೊಟ್ಟು. ಅಂಟಿಕೊಂಡಷ್ಟು ಅಕ್ಷತೆ. ಎಲ್ಲದರ ಮುಂದೆ ಹಾರ.

ಮೊಮ್ಮಗಳು ತಲೆಯ ಮೇಲೆ ಕೈ ಹೊತ್ತುಕೊಂಡಳು. "ಆಂಟಿ, ನೋ. ಗಾಳಿ ಅಲ್ಲಿಂದಲೇ ಹೋಗ್ಬೇಕು. ಅದು ಕಾರಿನ ನೋಸ್. ಅಲ್ಲಿಂದ ಉಸಿರಾಡತ್ತೆ. ಮೂಗು, ಆಂಟಿ, ಮೂಗು."

ಗೆಳತಿ ಒಂದು ಹೆಜ್ಜೆ ಹಿಂದೆ ಸರಿದು ತಮ್ಮ ಕೆಲಸವನ್ನು ಚೆನ್ನಾಗಿ ನೋಡಿದರು. "ಮೂಗಂತ ಮೊದಲ ಹೇಳಬಾರದೇನವಾ? ಮನ್ಯಾಗ ನತ್ತು ಇತ್ತು, ತರ್ತಿದ್ದೆ."

ಅವಳು ಹಳೇ ಟೂತ್‌ಬ್ರಷ್ ಹಿಡಿದು ಸಂಜೆಯವರೆಗೆ ಕಾರಿಗೆ ಹಲ್ಲುಜ್ಜಿದಳು.

ಪರೀಕ್ಷೆ

ಆಗಸ್ಟಿನ ಶನಿವಾರ. ನಾನು ಬೇಡಿಕೊಂಡಂತೆ ಬಿಸಿಲು, ಬೇಡಿಕೊಂಡಂತೆ ರಸ್ತೆ ಕೆಲಸ. ಇವರು ಮೊಮ್ಮಗಳ ಕಾರಿನಲ್ಲಿ ಮುಂಚೆಯೇ ಹೊರಟಿದ್ದರು. ನನ್ನ ಕಾರಿನಲ್ಲಿ ನಾನು ಮತ್ತು ಮಗ, ಇಬ್ಬರೇ. ಮಗ ಕೂತ ಕ್ಷಣದಿಂದ ಬಲಗಾಲಿನಲ್ಲಿ ಇಲ್ಲದ ಬ್ರೇಕ್ ಒತ್ತುತ್ತಿದ್ದ. ಮಿಷಿಗನ್ ದಾಟುವವರೆಗೆ ಅವನು ಆಡಿದ್ದು ಎರಡೇ ಮಾತು, "ಅಮ್ಮ, ಮೆಲ್ಲಗೆ," ಮತ್ತು "ಅಮ್ಮ, ಲಾರಿ."

ಇಂಡಿಯಾನಾದಲ್ಲಿ ಮತ್ತೆ ಅದೇ ತೆವಳಾಟ. ಎಂಜಿನ್ ಚೆನ್ನಾಗಿ ಕಾಯಲಿ ಎಂದು ನಾನು ಸುಮ್ಮನಿದ್ದೆ. ಹಳೇ ಎಕ್ಸಿಟ್‌ನಲ್ಲೇ ಇಳಿದೆ, ಅದೇ ರ‍್ಯಾಂಪಿಗೆ ಬಂದೆ. ಕನ್ನಡಿಯಲ್ಲಿ ಒಂದು ಲಾರಿ, ಅದರ ಹಿಂದೆ ಇನ್ನೊಂದು. ಮಗ ಬಾಗಿಲ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡ. ನಾನು ಒತ್ತಿದೆ.

ಕಾರು ಹೋಯಿತು. ತುಂಬ ದಿನದ ಮೇಲೆ ಪೂರ್ತಿ ನಿದ್ದೆ ಮಾಡಿ ಎದ್ದವರಂತೆ, ಗಲಾಟೆಯಿಲ್ಲದೆ. ಲಾರಿಗಳು ಹಿಂದೆ ಸಣ್ಣಗಾದವು. ಎಪ್ಪತ್ತು ಮೈಲಿಗೆ ತಂದು, ಅದೇ ವೇಗ ಹಿಡಿದಿಡುವ ಕ್ರೂಸ್ ಹಾಕಿದೆ.

ಮಗ ಬಾಗಿಲ ಹಿಡಿ ಬಿಡಲಿಲ್ಲ. ಒಂದು ಮೈಲಿ, ಇನ್ನೊಂದು ಮೈಲಿ. ಓರೆಗಣ್ಣಲ್ಲಿ ನೋಡಿದೆ, ಮುಖ ಬಿಗಿದಿತ್ತು. ಹೆದರಿದನೇನೋ, ಕಾರು ಹೋಯಿತೇನೋ ಅನ್ನಿಸಿತು.

"ಅಮ್ಮ, ಮುಂದಿನ ಎಕ್ಸಿಟ್ ತಗೊ," ಅಂದ.

ತೆಗೆದುಕೊಂಡೆ. ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದೆ. ಅವನು ಇಳಿದು ಮುಂದೆ ಹೋಗಿ ಮಂಡಿಯೂರಿ ಬಂಪರಿನೊಳಗೆ ಇಣುಕಿದ. ಮುಟ್ಟಲು ಕೈ ಚಾಚಿ ಮುಟ್ಟದೆ ಹಿಂದಕ್ಕೆ ತೆಗೆದುಕೊಂಡ. ಆಮೇಲೆ ನನ್ನ ಕಿಟಕಿಯ ಹತ್ತಿರ ಬಂದು ಕೈ ಚಾಚಿದ.

"ಕೀ ಕೊಡು."

ಇಷ್ಟೇ ನನ್ನ ಋಣ ಅಂದುಕೊಂಡು ಕೊಟ್ಟೆ. "ಭಯ ಆಯ್ತೇನಪ್ಪ?"

"ಅದಲ್ಲಮ್ಮ." ಐವತ್ತು ವರ್ಷದ ಗಂಡಸು, ತಲೆ ತಗ್ಗಿಸಿಕೊಂಡ. "ಒಂದೇ ಒಂದು ಎಕ್ಸಿಟ್‌ವರೆಗೆ ನಾನು ಓಡಿಸ್ಲಾ?"

ಒಂದು ಎಕ್ಸಿಟ್ ಆಯಿತು. ಎರಡಾಯಿತು. ಇಲಿನಾಯ್ ಬಂತು. ಅವನು ಲೇನ್ ಬದಲಿಸುತ್ತ, "ಅಮ್ಮ, ನೋಡು, ಬಿಸಿಲಲ್ಲೂ ಹೇಗೆ ಎಳೆಯತ್ತೆ," ಅನ್ನುತ್ತ ಹೋದ. ಈಗ ಇಲ್ಲದ ಬ್ರೇಕ್ ಒತ್ತುವ ಸರದಿ ನನ್ನದಾಯಿತು. ಸೀರೆಯ ಮೇಲೆ ಚಕ್ಕುಲಿ ಡಬ್ಬಿ ಹಿಡಿದುಕೊಂಡು, "ಮೆಲ್ಲಗೆ ಕಣೋ," ಅಂದೆ. ಕೇಳಿಸಿಕೊಳ್ಳಲಿಲ್ಲ. ಹಿಂದೆ ಕೆಂಪು ನೀಲಿ ದೀಪ ಹತ್ತಿಕೊಂಡದ್ದು ಮೊದಲು ಕಂಡದ್ದೂ ನನಗೇ.

ಪೊಲೀಸಿನವನು ಬಂದ. ಸಣ್ಣ ವಯಸ್ಸು, ಕಪ್ಪು ಕನ್ನಡಕ. "ಯಾಕಿಷ್ಟು ಅವಸರ, ಸರ್?" ಎಂದು ಇಂಗ್ಲಿಷಿನಲ್ಲಿ ವಿಚಾರಿಸಿದ.

ದಿನವಿಡೀ ಗಿರಾಕಿಗಳ ಬಾಯಿ ಮುಚ್ಚಿಸುವ ನನ್ನ ಮಗನಿಗೆ ಮಾತು ತಡವರಿಸಿತು. "ಆಫೀಸರ್, ಇದು ನನ್ನ ತಾಯಿಯ ಕಾರು. ಅವರಿಗೆ ವಯಸ್ಸಾಗಿದೆ. ಅವರು ಓಡಿಸೋದಕ್ಕೆ ಈ ಕಾರು ಸೇಫೋ ಅಲ್ಲವೋ ಅಂತ ಪರೀಕ್ಷೆ ಮಾಡ್ತಿದ್ದೆ."

ಪೊಲೀಸಿನವನು ಕನ್ನಡಕ ತೆಗೆದು, ಬಗ್ಗಿ, ನನ್ನ ಕಡೆ ನೋಡಿದ. "ಮ್ಯಾಮ್, ಹೌದಾ? ಸೇಫಾಗಿದೆಯಾ?"

"ನಾನು ಓಡಿಸುವಾಗ ಇತ್ತು," ಅಂದೆ.

ಅವನು ನಗು ತಡೆಯಲು ಆ ಕಡೆ ತಿರುಗಿ ಸ್ವಲ್ಪ ಹೊತ್ತು ರಸ್ತೆ ನೋಡಿದ. ದಂಡದ ಟಿಕೆಟ್ ಬರೆದ, ಮಗನ ಹೆಸರಿಗೆ. ಕೊಡುವಾಗ, "ಉಳಿದ ದಾರಿ ತಾಯಿಯವರೇ ಓಡಿಸಿದರೆ ನನಗೆ ಸಮಾಧಾನ," ಅಂದ.

ಸೀಟು ಬದಲಾಯಿಸಿದೆವು. ಸೀಟನ್ನು ಮುಂದಕ್ಕೆಳೆದುಕೊಂಡು, ಕನ್ನಡಿ ಸರಿಮಾಡಿಕೊಂಡು, ಸಿಗ್ನಲ್ ಹಾಕಿ ಹೊರಟೆ. ಇಟಾಸ್ಕಾ ಎಕ್ಸಿಟ್ ಬರುವವರೆಗೆ ಮಗ ಕಿಟಕಿಯಾಚೆ ನೋಡುತ್ತ ಚಕ್ಕುಲಿ ತಿಂದ.

"ಕಾರು ಮಾರೋ ವಿಷಯ?" ಅಂತ ನಾನೇ ತೆಗೆದೆ.

"ಯಾವ ಕಾರು?" ಅಂದ. ಮಗಳ ಮನೆಯ ಮುಂದೆ ಕಾರು ನಿಲ್ಲಿಸಿದಾಗ ನನ್ನ ಕೈ ಹಿಡಿದುಕೊಂಡು, "ಅಮ್ಮ, ಇವತ್ತು ಆಗಿದ್ದನ್ನ ಯಾರಿಗೂ ಹೇಳಲ್ಲ ಅಂತ ಮಾತು ಕೊಡು," ಅಂದ.

ಕೊಟ್ಟೆ. ಕೊಟ್ಟ ಮಾತಿಗೆ ತಪ್ಪುವವಳಲ್ಲ ನಾನು. ಇವತ್ತಿನವರೆಗೆ ಯಾರೊಬ್ಬರಿಗೂ ಹೇಳಿಲ್ಲ. ಬರೆಯಬೇಡ ಅಂತ ಅವನು ಅಂದಿರಲಿಲ್ಲ.